ಮಾಸ್ತರರ ಜೀಪಿನ ಹೊಟ್ಟೆಯಲ್ಲಿ ಸಿಕ್ಕ ತಗಡು

ಇಂಥವೆಲ್ಲ ನಮ್ಮ ಗ್ಯಾರೇಜಿನಲ್ಲೇ ಯಾಕೆ ನಡೆಯುತ್ತವೆ ಎಂದು ನನ್ನ ಹೆಂಡತಿ ತಿಂಗಳಿಗೊಮ್ಮೆಯಾದರೂ ಕೇಳುತ್ತಾಳೆ. ಅಣ್ಣಿಗೇರಿಯಲ್ಲಿ ಗದಗ ರಸ್ತೆಗೆ ಮುಖ ಮಾಡಿ ಕೂತ ಗ್ಯಾರೇಜುಗಳು ಇನ್ನೂ ಇವೆ. ಅಲ್ಲಿ ಗಾಡಿ ಬರುತ್ತದೆ, ರಿಪೇರಿಯಾಗುತ್ತದೆ, ಹೋಗುತ್ತದೆ. ನನ್ನಲ್ಲಿ ಮಾತ್ರ ಗಾಡಿಯ ಜೊತೆ ಏನಾದರೊಂದು ಫಜೀತಿ ಬಂದು ಬಿಡಾರ ಹೂಡುತ್ತದೆ. ಗ್ಯಾರೇಜಿನ ಬಾಜೂಕ್ಕೇ ಅವಳ ಚಹಾದಂಗಡಿ ಇರುವುದು ಇದಕ್ಕೆ ಕಾರಣ ಎಂದು ನಾನು. ನನ್ನ ಬಾಯಿ ಕಾರಣ ಎಂದು ಅವಳು. ಹೋದ ಮಳೆಗಾಲದಲ್ಲಿ ಈ ವಾದ ಒಮ್ಮೆಗೇ ತೀರ್ಮಾನವಾಯಿತು. ಯಾರು ಗೆದ್ದರು ಎಂಬುದನ್ನು ಈಗಲೇ ಹೇಳಿದರೆ ನನ್ನ ಮರ್ಯಾದೆ ಬೇಗ ಹೋಗುತ್ತದೆ. ತಡವಾಗಿಯೇ ಹೋಗಲಿ.

೧. ಹಾಜರಿ

ತಿರ್ಲಾಪುರದ ಮಾಸ್ತರರು ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದವರು. ನೌಕರಿ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. ಅವರ ಹೊಲ ಅಪ್ಪಟ ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಸಾಕು, ಎತ್ತಿದ ಕಾಲಿಗೆ ಎರಡು ಕಿಲೋ ಮಣ್ಣು ಅಂಟಿಕೊಂಡು ಬರುತ್ತದೆ. ಅಂಥ ದಾರಿಯಲ್ಲಿ ಹೆಸರುಕಾಳು ಮನೆಗೆ ತರಲು ಪ್ರತಿ ವರ್ಷ ಅಣ್ಣನ ಟ್ರ್ಯಾಕ್ಟರ್ ಕೇಳಬೇಕು, ಅಣ್ಣ ಪ್ರತಿ ವರ್ಷ ಒಂದು ಮಾತು ಅನ್ನಬೇಕು. ಸಾಕಾಗಿ ಮಾಸ್ತರರು ಹತ್ತಿ ಬೀಜ ಬಿಡಿಸುವ ಒಂದು ಮುಚ್ಚಿದ ಜಿನ್ನಿಂಗ್ ಫ್ಯಾಕ್ಟರಿಯ ಶೆಡ್ಡಿನಲ್ಲಿ ನಿಂತಿದ್ದ ಹಳೇ ಜೀಪು ತಂದರು. ನಾಲ್ಕೂ ಗಾಲಿಗಳನ್ನು ಎಂಜಿನ್ನೇ ತಿರುಗಿಸುವಂಥದು, ಹಸಿರು ಬಣ್ಣ. ನನ್ನ ಗ್ಯಾರೇಜಿಗೆ ಬಂದಾಗ ಅದರ ಹೊಟ್ಟೆಯೊಳಗಿಂದ ಕಟ್ ಕಟ್ ಕಟ್ ಎಂದು ಸಪ್ಪಳ ಬರುತ್ತಿತ್ತು.

"ಎಂಜಿನ್ ಪೂರಾ ಬಿಚ್ಚಬೇಕ್ರಿ" ಎಂದೆ. "ಆದರ ಚಿಂತಿ ಬಿಡ್ರಿ. ನಾ ಒಮ್ಮೆ ಕಟ್ಟಿದೆ ಅಂದ್ರ ನಿಮ್ಮ ಮೊಮ್ಮಕ್ಕಳು ಬಿಚ್ಚಬೇಕು ಅದನ್ನ."

ಇದು ನಾನು ಎಲ್ಲ ಗಿರಾಕಿಗಳಿಗೂ ಹೇಳುವ ಮಾತು. ನಾಲಿಗೆಗೆ ರೂಢಿಯಾಗಿಬಿಟ್ಟಿದೆ.

ಎಂಜಿನ್ ಬಿಚ್ಚಿದ ಮೇಲೆ ಒಂದೊಂದು ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ತಾಡಪತ್ರಿಯ ಮೇಲೆ ಸಾಲಾಗಿ ಇಡುತ್ತೇವೆ. ಯಾವುದು ಎಷ್ಟು ಸವೆದಿದೆ ಎಂದು ಆಮೇಲೆ ಅಳೆಯಬೇಕು. ಸಾಲು ಕೆಡಬಾರದು, ಯಾಕೆಂದರೆ ಒಂದನೇ ನಂಬರಿನ ಪಿಸ್ಟನ್ನು ಒಂದನೇ ಮನೆಗೇ ಹೋಗಬೇಕು. ಇದನ್ನು ವಿವರಿಸಿದಾಗ ಮಾಸ್ತರರ ಮುಖ ಅರಳಿತು.

"ರೋಲ್ ನಂಬರ ಅನ್ರಿ ಮತ್ತ" ಎಂದರು.

ಮರುದಿನ ಒಂದು ಹಾಜರಿ ಪುಸ್ತಕ ತಂದರು. ಪ್ರತಿ ಮುಂಜಾನೆ ಹತ್ತಕ್ಕೆ ಸೀಟಿ ಊದುವುದು, ಸಾಮಾನುಗಳ ಹೆಸರು ಕೂಗುವುದು. ಪಿಸ್ಟನ್ನಿಗೆ ಬಾಯಿಲ್ಲವಲ್ಲ, ಅದರ ಪರವಾಗಿ ನಾನು "ಹಾಜರ್ ಸರ್" ಅನ್ನಬೇಕು. ಎರಡು ದಿನ ಅಂದೆ. ಮೂರನೇ ದಿನ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೆ, ಬೇಕಂತಲೇ ಸುಮ್ಮನಿದ್ದೆ. "ಪಿಸ್ಟನ್ ನಂಬರ್ ಮೂರು" ಎಂದು ಕೂಗಿದರು. "ನಂಬರ್ ಮೂರು" ಎಂದು ಇನ್ನೊಮ್ಮೆ ಗುಡುಗಿದರು.

ಚಹಾದಂಗಡಿಯಲ್ಲಿ ಬೆನ್ನು ಮಾಡಿ ಕೂತಿದ್ದ ಪೊಲೀಸ್ ಕಾನ್‌ಸ್ಟೇಬಲ್ ಬಸಿಯಲ್ಲಿದ್ದ ಚಹಾ ಚೆಲ್ಲಿಕೊಂಡು ಸೆಟೆದು ನಿಂತ. "ಹಾಜರ್ ಸರ್" ಎಂದ. ಇಪ್ಪತ್ತು ವರ್ಷದ ಹಿಂದೆ ಮಾಸ್ತರರ ವಿದ್ಯಾರ್ಥಿಯಂತೆ, ರೋಲ್ ನಂಬರ್ ಮೂರು. ಮಾಸ್ತರರು ತಲೆ ಎತ್ತದೆ ಪುಸ್ತಕದಲ್ಲಿ ಗುರುತು ಹಾಕಿ, "ಕುಂದ್ರು" ಎಂದರು.

೨. ಒಂದು ಕಣ್ಣು

ಎಂಜಿನ್ ಬಿಚ್ಚಿದ ಮಿಸ್ತ್ರಿಯ ಮೊದಲ ಕೆಲಸ ಹಿಂದಿನ ಮಿಸ್ತ್ರಿಯನ್ನು ಬೈಯುವುದು. ನಮ್ಮ ಕಸುಬಿನಲ್ಲಿ ಇದು ಪದ್ಧತಿ. ಡಾಕ್ಟರುಗಳೂ ಬೈಯುತ್ತಾರಂತೆ, ಆದರೆ ಸಣ್ಣ ದನಿಯಲ್ಲಿ. ಬೈಯದೆ ಸುಮ್ಮನೆ ಕೆಲಸ ಮಾಡಿದರೆ ಗಿರಾಕಿಗೆ ಇವನಿಗೇನೂ ಬರುವುದಿಲ್ಲ ಎಂಬ ಅನುಮಾನ ಹುಟ್ಟುತ್ತದೆ. ನಾನಂತೂ ಈ ಪದ್ಧತಿಯನ್ನು ಮೂವತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ.

ಮಾಸ್ತರರ ಜೀಪು ಈ ವಿಷಯದಲ್ಲಿ ನನಗೆ ಹಬ್ಬದೂಟ ಬಡಿಸಿತು. ಪಿಸ್ಟನ್ನಿಗೆ ಜೋಡಿಸಿದ ರಾಡಿನ ಬುಡದಲ್ಲಿ ಒಡೆದ ಬಳೆಯ ಎರಡು ಹೋಳಿನಂಥ ಬೇರಿಂಗ್ ಇರುತ್ತದೆ. ಸವೆದರೆ ಎಂಜಿನ್ ಕಟಕಟ ಎನ್ನುತ್ತದೆ, ಹೊಸದು ಹಾಕಬೇಕು. ಮೂರನೇ ನಂಬರಿನ ಹೋಳು ತೆಗೆದರೆ ಅದರ ಬೆನ್ನಿಗೆ ಒಂದು ತಗಡಿನ ಪಟ್ಟಿ ಅಂಟಿತ್ತು. ಸಡಿಲು ತುಂಬಲು ಯಾರೋ ತುರುಕಿದ್ದು. ತೊಳೆದು ನೋಡಿದೆ. ತಗಡಿನ ಮೇಲಿಂದ ಒಬ್ಬ ಹೆಣ್ಣುಮಗಳ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಬಣ್ಣ ಕಂದಿತ್ತು, ಆದರೂ ಕಣ್ಣು, ಹುಬ್ಬು, ಅದರ ಬಾಜೂಕ್ಕೆ ಅರ್ಧ ಗುಲಾಬಿ ಹೂವು ಗುರುತು ಸಿಗುವಂತಿದ್ದವು. ಪೌಡರ್ ಡಬ್ಬಿ ಕತ್ತರಿಸಿ ಮಾಡಿದ್ದು.

ತಗಡನ್ನು ಎತ್ತಿ ಹಿಡಿದು ಚಹಾದಂಗಡಿಯ ಮುಂದೆಯೇ ನಿಂತೆ. ಜನ ಇದ್ದಾಗ ನನ್ನ ದನಿ ತಾನೇ ಏರುತ್ತದೆ.

"ನೋಡ್ರಿ ಮಾಸ್ತರ, ಎಂಥಾ ಶಾಣ್ಯಾ ಕೈ ಹಚ್ಯಾನ ನಿಮ್ಮ ಗಾಡಿಗೆ. ಬೇರಿಂಗ ಬದಲ್ಸೂದು ಬಿಟ್ಟು ಪೌಡರ ಡಬ್ಬಿ ತುರುಕ್ಯಾನ. ಮಿಸ್ತ್ರಿ ಆದಾಂವ ಕೆಲಸಕ್ಕ ಹೋಗೂಮುಂದ ಪಾನಾ ಒಯ್ಯತಾನ, ಹ್ಯಾಮರ ಒಯ್ಯತಾನ. ಈ ಶೋಕೀ ಮಗಾ ಪೌಡರ ಒಯ್ದಾನ."

"ಯಾರಿಗೊತ್ತು" ಎಂದಳು ಹೆಂಡತಿ ಒಳಗಿಂದ. "ಪಾಪ, ಏನ್ ಅಡಚಣಿ ಇತ್ತೋ ಏನೋ ಅವಗ."

"ಅಡಚಣಿ ಗಿಡಚಣಿ ಏನಿಲ್ಲ. ಅಂವ ಕೈಗೆ ಸಿಕ್ಕರ, ಇದ ಚಾದಂಗಡಿ ಮುಂದ ಕಿವಿ ಹಿಡಿಸಿ ಇಪ್ಪತ್ತು ಬಸ್ಕಿ ಹೊಡಸ್ತೀನಿ."

ಮಾತಿಗೆ ಅಂದದ್ದು. ಆದರೆ ಬಸ್ಕಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮಾಸ್ತರರು ಪುಸ್ತಕದ ಕೊನೇ ಪುಟ ತೆರೆದರು. "ಹಿಂದಿನ ಮಿಸ್ತ್ರಿ: ಗೈರುಹಾಜರ್. ಶಿಕ್ಷೆ: ಕಿವಿ ಹಿಡಿದು ಬಸ್ಕಿ ಇಪ್ಪತ್ತು. ಸ್ಥಳ: ಚಹಾದಂಗಡಿಯ ಮುಂದೆ." ಬರೆದು ಪೆನ್ನು ನನ್ನ ಕೈಗೆ ಕೊಟ್ಟರು.

"ನನ್ನ ಸಹಿ ಯಾಕ್ರಿ?"

"ಶಿಕ್ಷಾ ಹೇಳಿದಾವರು ಸಹಿ ಮಾಡಬೇಕು. ಜಿನ್ನಿಂಗ ಫ್ಯಾಕ್ಟರಿಯವರನ್ನ ಕೇಳಿ ಅವನನ್ನ ಹುಡುಕಿ ತರೂದು ನನ್ನ ಜವಾಬ್ದಾರಿ. ಅಂವ ಎದುರಿಗೆ ಬಂದಾಗ ನಿಮಗ ಕರುಣಾ ಬಂದು ಬಿಟ್ಟಗಿಟ್ಟೀರಿ."

"ಕರುಣಾ? ನನಗ?" ಎಂದೆ. ಪೆನ್ನಿನ ಮೊನೆ ಕಾಗದ ಹರಿದು ಹಿಂದಿನ ಪುಟಕ್ಕೂ ಇಳಿಯುವಷ್ಟು ಗಟ್ಟಿಯಾಗಿ ಸಹಿ ಮಾಡಿದೆ.

೩. ಎದುರು ಓಣಿಯ ಅಜ್ಜಿ

ಸಿಲಿಂಡರ್ ಎಂದರೆ ಪಿಸ್ಟನ್ ಏರಿಳಿಯುವ ಬಾವಿ. ಅದರ ಗೋಡೆ ಎಷ್ಟು ಸವೆದಿದೆ ಎಂದು ನೋಡಲು ಮೊದಲು ಬೆರಳಾಡಿಸಿ, ಉಗುರು ತಾಗಿಸಿ ನೋಡುತ್ತೇವೆ. ಅಳತೆಯ ಯಂತ್ರ ಆಮೇಲೆ. ನಾನು ಹೀಗೆ ಮಾಡುವುದನ್ನು ಕಂಡದ್ದೇ ತಪ್ಪಾಯಿತು, ಚಹಾಕ್ಕೆ ಬಂದವರೆಲ್ಲ ಎದ್ದು ಬಂದು ಸಿಲಿಂಡರಿಗೆ ಬೆರಳು ಹಾಕತೊಡಗಿದರು. ಸೈಕಲ್ ಪಂಕ್ಚರ್ ತೆಗೆಸಲು ಬಂದವನು "ಇದು ಮುಗದೈತಿ" ಎಂದ. ಕಡಲೆ ವ್ಯಾಪಾರಿ "ಇನ್ನ ಹತ್ತ ವರ್ಷ ಏನಾಗೂದಿಲ್ಲ" ಎಂದ. ಕಾನ್‌ಸ್ಟೇಬಲ್ ಬೆರಳು ಹಾಕಿ, ಒರೆಸಿಕೊಂಡು ಹೋದ.

ದಿನಾ ಚಹಾಕ್ಕೆ ಬರುವ ಎದುರು ಓಣಿಯ ಅಜ್ಜಿಯೂ ಬಂದಳು. ನಾಲ್ಕೂ ಬಾವಿಗೆ ಕೈ ಹಾಕಿ ಸುತ್ತ ಸವರಿದಳು.

"ನುಣ್ಣಗಾಗೇತಿ" ಎಂದಳು. "ಬೀಸೂ ಕಲ್ಲು ಹಿಂಗ ಆದರ ಹಿಟ್ಟು ಬೀಳೂದಿಲ್ಲ. ಕಲ್ಲ ಕಟಿಯಾವರನ್ನ ಕರಸು. ಉಳೀಲೆ ಗೀರು ಹಾಕಿ ಒರಟು ಮಾಡ್ತಾರ."

ಎಲ್ಲರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ, ಆಮೇಲೆ ಮುಚ್ಚಿದೆ. ಯಾಕೆಂದರೆ ಮುದುಕಿ ಹೇಳಿದ್ದು ಅಕ್ಷರಶಃ ಸರಿ. ಓಡಿ ಓಡಿ ಕನ್ನಡಿಯಾದ ಸಿಲಿಂಡರಿನ ಗೋಡೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ. ಅದಕ್ಕೆ ಸಾಣೆಕಲ್ಲು ತಿರುಗಿಸಿ ಸಣ್ಣ ಅಡ್ಡಗೀರು ಹಾಕಬೇಕು. ನಾನು ಮಾಡಬೇಕೆಂದಿದ್ದದ್ದೂ ಅದನ್ನೇ. ಎಲ್ಲರೆದುರು ಒಪ್ಪಿಕೊಂಡೆ.

ಅಜ್ಜಿ ನನ್ನ ಗ್ಯಾರೇಜಿನ ಬೋರ್ಡನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ಹಂಗಾರ ನೀನೂ ಕಲ್ಲ ಕಟಿಯಾಂವನ. ಮದಲ ಹೇಳಬಾರದ? ಇಷ್ಟ ವರ್ಷ ದೊಡ್ಡ ಮಿಸ್ತ್ರಿ ಅಂತ ತಿಳದು ಮರ್ಯಾದಿ ಕೊಟ್ಟೆ."

೪. ಶುಂಠಿ

ಒಂದು ಮಂಗಳವಾರ ಹಾಜರಿಯಲ್ಲಿ ಪಿಸ್ಟನ್ ಪಿನ್ ನಂಬರ್ ಎರಡು ಗೈರುಹಾಜರಾಯಿತು. ಪಿನ್ ಎಂದರೆ ಟಾಚಣಿಯಲ್ಲ. ಹೆಬ್ಬೆರಳಿನಷ್ಟು ದಪ್ಪದ, ಅಂಗೈಯಲ್ಲಿ ಹಿಡಿಯುವಂಥ ಉಕ್ಕಿನ ಕೊಳವೆ, ನುಣ್ಣಗೆ ಹೊಳೆಯುತ್ತದೆ.

ಮಾಸ್ತರರು ಉದ್ದ ಸೀಟಿ ಊದಿದರು. ಚಹಾದಂಗಡಿಯಲ್ಲಿದ್ದ ಆರು ಮಂದಿಯನ್ನು ಎಬ್ಬಿಸಿ, ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಕಿಸೆ ಹೊರಗೆ ತೆಗೆಸಿದರು. ಪಿನ್ ಸಿಗಲಿಲ್ಲ. ನಾನು ತಾಡಪತ್ರಿ ಎತ್ತಿ ಝಾಡಿಸಿದೆ, ಸೀಮೆಎಣ್ಣೆಯ ಡಬ್ಬಿಗೆ ಕೈ ಹಾಕಿ ಕಲಕಿದೆ, ಹಿಂದಿನ ಮಿಸ್ತ್ರಿಯನ್ನು ಇನ್ನೊಮ್ಮೆ ಬೈದೆ. ಈ ಸಲ ಅವನದೇನೂ ತಪ್ಪಿರಲಿಲ್ಲ, ಆದರೂ ಬೈದರೆ ಒಂದು ಸಮಾಧಾನ.

"ಚಾ ಕುಡದು ಹುಡುಕ್ರಿ" ಎಂದು ಹೆಂಡತಿ ಎಲ್ಲರಿಗೂ ಕಪ್ಪು ಕೊಟ್ಟಳು. ಒಂದು ಗುಟುಕು ಕುಡಿದು ನಾನು ನಿಂತುಬಿಟ್ಟೆ.

"ಇವತ್ತ ಚಾ ಅಗದಿ ಖಡಕ್ ಆಗೇತಿ."

"ಹೌದೇನ್ರಿ? ಶುಂಠಿ ಛಲೋ ಜಜ್ಜೇನಿ. ಆ ಹಳೇ ಗುಂಡಕಲ್ಲಿಗಿಂತ ಇದು ಭಾಳ ಛಲೋ" ಎಂದು ಅವಳು ಕೈ ಎತ್ತಿದಳು. ಕೈಯಲ್ಲಿ ಪಿನ್ ನಂಬರ್ ಎರಡು. ತುದಿಗೆ ಶುಂಠಿಯ ನಾರು.

ನಾನು ಕೂಗಾಡಿದೆ. ಅವಳು ಜಗ್ಗಲಿಲ್ಲ. "ಅಂಥವು ನಾಕ ಇದ್ದವು. ಒಂದ ತಗೊಂಡೆ. ಮೂರ ಬಿಟ್ಟೇನಲ್ಲ ನಿಮಗ."

ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ನನ್ನಲ್ಲಿದೆ. ಹಠಕ್ಕೆ ಬಿದ್ದು, ಅವಳ ಎದುರೇ ನಾಲ್ಕೂ ಪಿನ್ನುಗಳನ್ನು ಅಳೆದೆ. ಶುಂಠಿ ಎಷ್ಟು ಹಾಳು ಮಾಡಿದೆ ಎಂದು ತೋರಿಸಿಕೊಡಬೇಕಿತ್ತು. ಒಂದು, ಮೂರು, ನಾಲ್ಕು, ಈ ಮೂರೂ ಸವೆದು ಕೆಲಸಕ್ಕೆ ಬಾರದಂತಾಗಿದ್ದವು. ಎರಡನೆಯದು ಮಾತ್ರ ಸರಿಯಾಗಿತ್ತು. ಮಾಸ್ತರರು ಪುಸ್ತಕದಲ್ಲಿ ಅದರ ಮುಂದೆ ಪಾಸು ಎಂದು ಬರೆದರು.

ಹೆಂಡತಿ ನನ್ನ ಮುಖ ನೋಡಿದಳು. "ಉಳದ ಮೂರಕ್ಕೂ ಒಂದೆರಡ ದಿನ ಶುಂಠಿ ಜಜ್ಜಲೇನ್ರಿ?"

೫. ಹುಬ್ಬಳ್ಳಿ ಬಸ್ಸು

ಎಂಜಿನ್ನಿನ ಬೆನ್ನುಮೂಳೆ ಕ್ರ್ಯಾಂಕ್ ಶಾಫ್ಟ್. ಅದರಲ್ಲಿ ಬಿರುಕಿದ್ದರೆ ಮೇಲೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಬಿರುಕು ನೋಡಲು ಒಂದು ಹಳೇ ಉಪಾಯವಿದೆ. ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಒಳಗಿಂದ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಆವತ್ತು ನನ್ನಲ್ಲಿ ಸೀಮೆಸುಣ್ಣ ಮುಗಿದಿತ್ತು. ಮಾಸ್ತರರ ಚೀಲದಲ್ಲಿ ಇದ್ದೇ ಇರುತ್ತದೆ ಎಂದು ಕೇಳಿದರೆ, "ಈಗ ಸಾಲ್ಯಾಗ ಎಲ್ಲಾ ಬಿಳೇ ಬೋರ್ಡು ಆಗ್ಯಾವು" ಎಂದು ತಮ್ಮ ವಿಭೂತಿ ಗಟ್ಟಿ ಕೊಟ್ಟರು. ತಿಕ್ಕಿದೆ. ಸುಣ್ಣಕ್ಕಿಂತ ಚೆನ್ನಾಗಿ ಹಿಡಿಯಿತು. ಬಿರುಕು ಇರಲಿಲ್ಲ.

ಆದರೆ ಮೂರನೇ ನಂಬರಿನ ಜಾಗದಲ್ಲಿ ಸವೆತವಿತ್ತು. ಹುಬ್ಬಳ್ಳಿಯ ಲೇಥ್ ಮಶೀನಿನ ಚಾಚಾ ಕಡೆಯೇ ಅದನ್ನು ಮಸೆಸಬೇಕು. ಕ್ರ್ಯಾಂಕನ್ನು ಮಾಸ್ತರರ ಮನೆಯ ಹೊಸ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೂ ಅಡ್ಡ ಮಲಗಿಸಿಕೊಂಡು ಕೂತೆವು. ಬಸ್ಸು ಜಿಗಿದಾಗ ಕೌದಿ ಸರಿಯಿತು. ಒಳಗೆ ಕಪ್ಪು ಮೈ, ಅದರ ಮೇಲೆ ಬೆಳ್ಳಗೆ ವಿಭೂತಿ.

ಎದುರು ಸೀಟಿನ ಹೆಣ್ಣುಮಗಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಯಾವ ದೇವರ್ರಿ?"

ಮಾಸ್ತರರು ಸುಳ್ಳು ಹೇಳುವವರಲ್ಲ. "ಕ್ರ್ಯಾಂಕ್ ಶಾಫ್ಟ್" ಎಂದರು.

"ನಮ್ಮ ಕಡಿ ಇಲ್ಲ ನೋಡ್ರಿ ಈ ದೇವರು. ಎಲ್ಲಿ ಕೂಡಸ್ತೀರಿ?"

"ತಿರ್ಲಾಪುರದ್ದು ಇದು. ಸ್ವಲ್ಪ ಸವದೈತಿ. ಹುಬ್ಬಳ್ಳಿಗೆ ಒಯ್ದು ಸರಿ ಮಾಡಿಸಿ, ತಂದು ಕೂಡಸ್ತೀವಿ."

ಒಂದು ಅಕ್ಷರವೂ ಸುಳ್ಳಲ್ಲ. ಅವಳು ಮುಡಿಯಿಂದ ಹೂವು ತೆಗೆದು ಕೌದಿಯ ಮೇಲೆ ಇಟ್ಟಳು. ಹಿಂದಿನ ಸೀಟಿನವರು ಬಗ್ಗಿ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. ಲಗೇಜಿನ ತಿಕೀಟು ಕೇಳಲು ಬಂದ ಕಂಡಕ್ಟರ್ ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿ ಹೋದ. ನಾನು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದೆ. ಮಾಸ್ತರರು ಮೊಣಕೈಯಿಂದ ತಿವಿದು "ಶಿಸ್ತು" ಎಂದರು.

ಚಾಚಾ ತಮ್ಮ ಅಂಗಡಿಯಲ್ಲಿ ಕೌದಿ ಬಿಚ್ಚಿ, ಹೂವು ನೋಡಿ, ವಿಭೂತಿ ನೋಡಿ, ಕನ್ನಡಕ ಮೇಲೆ ಸರಿಸಿದರು. "ಮಿಸ್ತ್ರಿ, ಇದನ್ನ ಮಶೀನಿಗೆ ಏರಸ್ಲೋ, ಗುಡಿಗೆ ಏರಸ್ಲೋ?"

ಅಳತೆ ಮಾಡಿದರು. ಮೂರನೆಯದು ಗುಂಡಗಿಲ್ಲ, ಮೊಟ್ಟೆಯಂತಾಗಿದೆ ಎಂದರು. ನಾನು ಕಿಸೆಯಿಂದ ಆ ಒಂಟಿಗಣ್ಣಿನ ತಗಡು ತೆಗೆದು ತೋರಿಸಿದೆ. ಆಗ ಅದನ್ನು ಕಂಡಕಂಡವರಿಗೆ ತೋರಿಸುವ ಚಟ ಹತ್ತಿತ್ತು ನನಗೆ.

ಚಾಚಾ ಬೆಳಕಿಗೆ ಹಿಡಿದು ನೋಡಿದರು. "ಕೆಲಸ ತಪ್ಪು, ಖರೆ. ಆದರ ಕೈ ಛಲೋ ಐತಿ. ಅಂಚು ನೋಡು, ಕಾನಸಲೆ ಉಜ್ಜಿ ಉಜ್ಜಿ ಸಾಫ್ ಮಾಡ್ಯಾನ. ಭಲೇ ಹುನ್ನರ್ ಐತಿ ಅವನ ಹಂತ್ಯಾಕ."

ನನಗೆ ಮೈಯೆಲ್ಲ ಉರಿಯಿತು. ಕಸುಬುದಾರ ಮನುಷ್ಯ ನನ್ನೆದುರೇ ಆ ಪೋಕರಿಯನ್ನು ಹೊಗಳುವುದೇ? "ಎಣ್ಣಿ ಹೋಗೂ ತೂತು ಅರ್ಧ ಮುಚ್ಚ್ಯಾನ ನೋಡ್ರಿ. ಮಾಸ್ತರ, ಬರಕೋರಿ. ಇಪ್ಪತ್ತಲ್ಲ, ನಲವತ್ತು ಬಸ್ಕಿ."

ಮಾಸ್ತರರು ತಿದ್ದಿದರು. ನಾನು ಮತ್ತೆ ಸಹಿ ಮಾಡಿದೆ.

"ನಲವತ್ತು?" ಎಂದರು ಚಾಚಾ. "ಉಮರ್ ನೋಡಿ ಶಿಕ್ಷಾ ಕೊಡಬೇಕಪ. ಅಂವ ಈಗ ಮುದುಕ ಆಗಿರ್ತಾನ."

"ಆಗಿರಲಿ" ಎಂದೆ. "ಮುದುಕರಿಗೇನು ಮೊಣಕಾಲು ಇರೂದಿಲ್ಲೇನು?"

೬. ಗೈರುಹಾಜರಾದವನು

ಹೊಸ ಬೇರಿಂಗ್, ಮೂರು ಹೊಸ ಪಿನ್ನು, ಮಸೆದ ಕ್ರ್ಯಾಂಕ್, ಅಜ್ಜಿ ಹೇಳಿದಂತೆ ಗೀರು ಹಾಕಿದ ಸಿಲಿಂಡರ್. ಎಲ್ಲ ಕೂಡಿಸಿದೆ. ಮೊದಲ ತಿರುವಿಗೇ ಎಂಜಿನ್ ಎದ್ದಿತು, ಸಪ್ಪಳ ಹೋಗಿತ್ತು. ಹೆಸರುಕಾಳು ಬಿಡಿಸುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು, ಹೊಲದ ದಾರಿಯಲ್ಲಿ ಅಣ್ಣನ ಟ್ರ್ಯಾಕ್ಟರ್ ಗಾಲಿ ಮುಳುಗುವಂತೆ ಹುಗಿದು ನಿಂತಿತು. ಮಾಸ್ತರರ ಜೀಪು ನಾಲ್ಕೂ ಗಾಲಿ ತಿರುಗಿಸುತ್ತ ಹೋಗಿ, ಮೊದಲು ಹೆಸರಿನ ಚೀಲಗಳನ್ನೂ ಆಮೇಲೆ ಅಣ್ಣನನ್ನೂ ಮನೆಗೆ ತಂದಿತು. ಅಣ್ಣ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲವಂತೆ. ಆ ವಾರ ಅಣ್ಣಿಗೇರಿಯಲ್ಲಿ ನನ್ನ ತಲೆ ಮುಗಿಲಿಗೆ ತಾಗುವುದೊಂದೇ ಬಾಕಿ ಇತ್ತು.

ಎಂಟು ದಿನದ ಮೇಲೆ ಮಾಸ್ತರರು ಜೀಪು ತಂದು ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಬಾಜೂಕ್ಕೆ ಒಬ್ಬ ಮುದುಕ, ಕೈಯಲ್ಲಿ ಕೋಲು. "ಇವರು ನವಲಗುಂದದ ಕಾಕಾ" ಎಂದರು ಮಾಸ್ತರರು. "ಜಿನ್ನಿಂಗ ಫ್ಯಾಕ್ಟರ್‍ಯಾಗ ಇದ ಜೀಪಿಗೆ ಡ್ರೈವರ ಇದ್ದರು. ಹಿಂದಿನ ಮಿಸ್ತ್ರೀನ್ನ ಕಣ್ಣಾರೆ ನೋಡ್ಯಾರ."

ಜನ ಸುತ್ತುಗಟ್ಟಿದರು. ಕಾನ್‌ಸ್ಟೇಬಲ್ ಇದ್ದ, ಅಜ್ಜಿ ಇದ್ದಳು. ಕಾಕಾಗೆ ಕಣ್ಣು ಮಂಜು, ಆದರೆ ಕಿವಿ ಅಗದಿ ಚುರುಕು. ಕೋಲಿನ ಒಂದು ತುದಿಯನ್ನು ಓಡುತ್ತಿದ್ದ ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. "ಸಪ್ಪಳ ಹೋಗೇತಿ. ಛಲೋ ಕಟ್ಟ್ಯಾನ" ಎಂದರು. ನಾನು ಎದೆ ಉಬ್ಬಿಸಿ ಅವರಿಗೆ ಕುರ್ಚಿ ಹಾಕಿದೆ.

"ಕಾಕಾ, ಆ ಪೌಡರ ಡಬ್ಬಿಯವನ ಸುದ್ದಿ ಹೇಳ್ರಿ" ಎಂದೆ ನಾನೇ. ಹೌದು, ನಾನೇ ಕೇಳಿದೆ.

"ಇಪ್ಪತ್ತಾರ ವರ್ಷ ಆತು. ಆಗ ಈ ಜೀಪು ಬಿಳೇ ಬಣ್ಣದ್ದು, ಮ್ಯಾಲ ತಗಡಿನ ಟಾಪು ಇತ್ತು. ಬೆಣ್ಣಿಹಳ್ಳದ ದಂಡಿಮ್ಯಾಲ ಕೆಟ್ಟು ನಿಂತತು. ಹುಬ್ಬಳ್ಳಿ ಗ್ಯಾರೇಜಿಗೆ ಹೇಳಿ ಕಳಿಸಿದ್ವಿ. ಒಬ್ಬ ಹುಡುಗ ಬಂದ, ಕಡ್ಡಿಯಂಗ ಸಣ್ಣ. ತಲಿತುಂಬ ಕೂದಲ."

"ತಲಿಯೊಳಗ ಏನೂ ಇರಲಿಲ್ಲ, ಮ್ಯಾಲ ಕೂದಲ ಇತ್ತು ಅನ್ರಿ" ಎಂದು ನಾನು ನನ್ನ ಬೋಳುತಲೆ ಸವರಿಕೊಂಡು ನಕ್ಕೆ. ಎಲ್ಲರೂ ನಕ್ಕರು.

"ಬಂದಾಂವ ಘಳಿಗಿಗೊಮ್ಮೆ ಗಡಿಯಾರ ನೋಡಾಕತ್ತ. ಯಾಕೋ ತಮ್ಮಾ ಅಂದೆ. ಇವತ್ತ ಕನ್ಯಾ ನೋಡಾಕ ಹೋಗಬೇಕ್ರಿ ಕಾಕಾ ಅಂದ. ಬಮ್ಮಿಗಟ್ಟಿಗೆ."

ತಲೆ ಸವರುತ್ತಿದ್ದ ನನ್ನ ಕೈ ತಲೆಯ ಮೇಲೇ ನಿಂತಿತು. ಚಹಾದಂಗಡಿಯ ಒಳಗೆ ಶುಂಠಿ ಜಜ್ಜುವ ಸಪ್ಪಳವೂ ನಿಂತಿತು. ನನ್ನ ಹೆಂಡತಿಯ ತವರು ಬಮ್ಮಿಗಟ್ಟಿ.

ಕಾಕಾ ಹೇಳುತ್ತಲೇ ಹೋದರು. "ಬೇರಿಂಗ ತರಾಕ ಹುಬ್ಬಳ್ಳಿಗೆ ಹೋದ್ರ ಹೊತ್ತ ಆಕ್ಕೇತಿ. ಕನ್ಯಾ ತಪ್ಪತೈತಿ. ಚೀಲದಾಗ ಕೈ ಹಾಕಿ, ಮುಖಕ್ಕ ಹಚ್ಚಾಕ ತಂದಿದ್ದ ಪೌಡರ ಡಬ್ಬಿ ತಗದ. ಪೌಡರ ಎಲ್ಲಾ ವಸ್ತ್ರದಾಗ ಸುರಕೊಂಡ, ಡಬ್ಬಿ ಕತ್ತರಿಸಿ ಒಳಗ ಇಟ್ಟ. ಇದು ತಡೀತೈತೇನೋ ಅಂದೆ. ಅದಕ್ಕ ಏನಂದ ಗೊತ್ತೇನ್ರಿ? ಚಿಂತಿ ಬಿಡ್ರಿ ಕಾಕಾ, ನಾ ಒಮ್ಮೆ ಕಟ್ಟಿದೆ ಅಂದ್ರ ನಿಮ್ಮ ಮೊಮ್ಮಕ್ಕಳು ಬಿಚ್ಚಬೇಕು ಅದನ್ನ ಅಂದ."

ಮಾಸ್ತರರು ನಿಧಾನವಾಗಿ ನನ್ನ ಕಡೆ ತಿರುಗಿದರು. ಜನರೆಲ್ಲ ತಿರುಗಿದರು. ನನಗೆ ಬೆಣ್ಣಿಹಳ್ಳದ ದಂಡೆ, ಬಿಳಿ ಜೀಪು, ಕೈಯಲ್ಲಿನ ಕಾನಸು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಓಡಿಹೋಗೋಣ ಎಂದರೆ ಗ್ಯಾರೇಜು ನನ್ನದೇ.

ಹೆಂಡತಿ, ಶುಂಠಿಗೆಂದು ಇಟ್ಟುಕೊಂಡಿದ್ದ ಸವೆದ ಹಳೇ ಪಿನ್ನು ಹಿಡಿದುಕೊಂಡೇ ಹೊರಗೆ ಬಂದಳು. "ಆವತ್ತ ಬಸ್ ಕೆಟ್ಟಿತ್ತು, ಅದಕ್ಕ ತಡಾ ಆತು ಅಂದಿದ್ರಿ ನಮ್ಮಪ್ಪಗ."

"ಜೀಪು ಕೆಟ್ಟಿತ್ತಲ್ಲ" ಎಂದೆ ಸಣ್ಣ ದನಿಯಲ್ಲಿ.

"ಎಣ್ಣೀ ಮಾರಿಮ್ಯಾಲ ವಸ್ತ್ರದಾಗಿನ ಪೌಡರ ಬಡಕೊಂಡು ಬಂದಿದ್ರಿ. ನಮ್ಮಪ್ಪ ನನ್ನ ಒಳಗ ಕರದು, ಹುಡುಗ ಮಿಸ್ತ್ರಿ ಅಂದಿದ್ದರು, ನೋಡಿದ್ರ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂಗ ಅದಾನಲ್ಲ ಅಂದ. ಕೆಲಸದಾಂವ ಅದಾನ, ಇರಲಿ ಅಂತ ನಾನ ಹೂಂ ಅಂದೆ."

ಕಾಕಾ ನನ್ನ ಮುಖದ ಹತ್ತಿರ ಬಂದು ದಿಟ್ಟಿಸಿದರು. ಗುರುತು ಸಿಗಲಿಲ್ಲ. "ಏನರ ಮಾತಾಡಪ" ಎಂದರು. "ಕಾಕಾ" ಎಂದೆ. "ಅಂವನ" ಎಂದರು ಕಾಕಾ, ಕಾನ್‌ಸ್ಟೇಬಲ್ ಕಡೆ ತಿರುಗಿ.

ನಾನು ನನ್ನ ಪರವಾಗಿ ವಾದಿಸಿದೆ. ಬೇರಿಂಗ್ ಸಿಗದ ಜಾಗ ಎಂದೆ. ಇಪ್ಪತ್ತಾರು ವರ್ಷ ತಡೆದಿದೆ ಎಂದೆ. ಅಂಚಿಗೆ ಕಾನಸು ಹೊಡೆದಿದ್ದೆ, ಬೇಕಾದರೆ ಹುಬ್ಬಳ್ಳಿಯ ಚಾಚಾನನ್ನು ಕೇಳಿ ಎಂದೆ. ಮಾಸ್ತರರು ಎಲ್ಲವನ್ನೂ ಕೇಳಿ, ಪುಸ್ತಕದ ಕೊನೇ ಪುಟ ತೆರೆದು ನನ್ನ ಮುಂದೆ ಹಿಡಿದರು.

"ಸಹಿ ಯಾರದು?"

ಹೆಂಡತಿಯ ಕಡೆ ನೋಡಿದೆ. ಏನಾದರೂ ಅಂದು ಬಿಡಿಸಿಕೊಂಡಾಳು ಎಂಬ ಆಸೆ. "ಕರುಣಾ ಬರಬಾರದು ಅಂತ ನೀವ ಸಹಿ ಮಾಡಿದ್ರಿ" ಎಂದಳು. ಅಜ್ಜಿ ಚೆನ್ನಾಗಿ ಕಾಣಲೆಂದು ಕಟ್ಟೆಯ ಮೇಲೆ ಜಾಗ ಮಾಡಿಕೊಂಡಳು.

ಮಾಸ್ತರರು ಮೊದಲು ಹಾಜರಿ ತೆಗೆದರು. "ಹಿಂದಿನ ಮಿಸ್ತ್ರಿ" ಎಂದು ಕೂಗಿದರು. "ಹಾಜರ್ ಸರ್" ಎಂದೆ. ಹೆಂಡತಿಯ ಚಹಾದಂಗಡಿಯ ಮುಂದೆ, ನನ್ನ ಊರಿನವರ ಎದುರು, ಐವತ್ತೆರಡನೇ ವಯಸ್ಸಿನಲ್ಲಿ, ಎರಡೂ ಕಿವಿ ಹಿಡಿದುಕೊಂಡು ನಿಂತೆ. ಸೀಟಿ ಊದಿದರು. ಒಂದು. ಎರಡು. ನಾಲ್ಕರವರೆಗೆ ಮರ್ಯಾದೆಯಿಂದ ಹೋಯಿತು. ಐದನೆಯದಕ್ಕೆ ಮೊಣಕಾಲಿನಿಂದ ಕಟ್ ಎಂದು ಸಪ್ಪಳ ಬಂತು. ಆರನೆಯದಕ್ಕೆ ಕಟ್ ಕಟ್.

"ತಡೀರಿ" ಎಂದು ಕಾಕಾ ಕೈ ಎತ್ತಿದರು. ಸೀಟಿ ನಿಂತಿತು. ನಾನು ಅರ್ಧ ಕೂತವನು ಹಾಗೇ ನಿಂತೆ. ಕಾಕಾ ಕೋಲಿನ ಒಂದು ತುದಿಯನ್ನು ನನ್ನ ಮೊಣಕಾಲಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿದರು. "ಇನ್ನೊಮ್ಮೆ ಕುಂದ್ರಪ." ಕೂತೆ. ಕಟ್ ಕಟ್ ಕಟ್.

"ಮಾಸ್ತರ, ಜೀಪಿನ್ಯಾಗ ಬರ್ತಿದ್ದ ಸಪ್ಪಳ ಇದ ನೋಡ್ರಿ. ಬೇರಿಂಗ ಹೋಗೇತಿ."

ಮಾಸ್ತರರು ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಂಡರು. "ಹೊಸಾದು ಸಿಗ್ತಾವೇನ್ರಿ?"

ಉತ್ತರ ಬಂದದ್ದು ನನ್ನ ಹೆಂಡತಿಯಿಂದ. "ಇಷ್ಟ ಹಳೇ ಮಾಡೆಲ್ಲಿಗೆ ಎಲ್ಲಿ ಸಿಗಬೇಕ್ರಿ. ಒಳಗ ನನ್ನ ಪೌಡರ ಡಬ್ಬಿ ಐತಿ. ಕತ್ತರಿ ತರಲೇನು?"